ಸೋಮವಾರ ರಜೆಯಿದ್ದ ಗೋಬರ್ ಗ್ಯಾಸು

ರೊಟ್ಟಿ ಬಡಿಯುವ ಸದ್ದಿನಲ್ಲಿ ಕೆಮ್ಮು ಸೇರಿಕೊಂಡರೆ ಅದು ಬೇರೆಯೇ ಸದ್ದು. ನಾಲ್ಕು ಬಡಿತ, ಒಂದು ಕೆಮ್ಮು, ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಬಡಿತ. ತೊಂಬತ್ತರ ದಶಕದ ಕೊನೆಗೆ ಕೊಟ್ಟೂರಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ನನ್ನ ಕಿವಿಗೆ ಬೀಳುತ್ತಿದ್ದದ್ದು ಇದು. ಬಡಿಯುತ್ತಿದ್ದವರು ನಮ್ಮ ಅತ್ತೆ. ಹಾಸಿಗೆಯಲ್ಲಿ ಕೂತು ಸಿಟ್ಟಾಗುತ್ತಿದ್ದವಳು ನಾನು.

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಹರಪನಹಳ್ಳಿಯಲ್ಲಿ ನಮ್ಮಪ್ಪ, ಹೆಣ್ಣು ನೋಡಲು ಬಂದವರಿಗೆಲ್ಲ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು: "ಹುಡುಗಿ ಬಿ.ಎಸ್ಸಿ. ಮಾಡ್ಯಾಳ, ಹೈಸ್ಕೂಲಿನಾಗ ವಿಜ್ಞಾನ ಹೇಳ್ತಾಳ, ಸ್ವಲ್ಪ ಸಿಟ್ಟು ಜಾಸ್ತಿ." ಬಂದವರು ಉಪ್ಪಿಟ್ಟು ತಿಂದು, ತಿಳಿಸ್ತೀವಿ ಎಂದು ಎದ್ದು ಹೋಗುತ್ತಿದ್ದರು. ಅತ್ತೆ ಒಬ್ಬರೇ, "ಇರ್ಲಿ ಬಿಡ್ರಿ, ನಮ್ಮ ಮನ್ಯಾಗ ಮಾತಾಡೋರು ಕಡಿಮಿ ಅದೀವಿ" ಎಂದು ಇನ್ನೊಂದು ಸಲ ಉಪ್ಪಿಟ್ಟು ಹಾಕಿಸಿಕೊಂಡರಂತೆ. ಆ ಒಂದು ಮಾತಿಗೆ ನಾನು ಜೀವನಪೂರ್ತಿ ಅವರ ಕಡೆಯವಳಾದೆ. ಅವರ ಕಡೆಯವಳಾಗಿದ್ದುಕೊಂಡೇ ಅವರ ಜೊತೆ ಜಗಳವಾಡಿದೆ.

ಅತ್ತೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದರು. ಮನೆಯ ಮುಂದಿನ ಪಡಸಾಲೆಯೇ ಖಾನಾವಳಿ. ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಕೊನೆಗೆ ಒಂದು ಹಿಡಿ ಅನ್ನ. ಬ್ಯಾಂಕಿನವರು, ಬಸ್ಸಿನವರು, ಮನೆ ಬಿಟ್ಟು ಬಂದ ಮೇಷ್ಟ್ರುಗಳು ಅಲ್ಲಿ ಉಣ್ಣುತ್ತಿದ್ದರು. ಮಾವ ಸಣ್ಣ ವಯಸ್ಸಿಗೇ ಹೋದ ಮೇಲೆ ಅತ್ತೆ ಈ ರೊಟ್ಟಿಯಿಂದಲೇ ಮಗನನ್ನು ಸಾಕಿದ್ದರು. ಆ ಮಗ, ಅಂದರೆ ನಮ್ಮ ಮನೆಯವರು, ದೊಡ್ಡವರಾಗಿ ಪಕ್ಕದಲ್ಲೇ ಹಿಟ್ಟಿನ ಗಿರಣಿ ಹಾಕಿದ್ದರು. ಗಿರಣಿಯಿಂದ ಹಿಟ್ಟು ಒಂದು ಬಾಗಿಲಲ್ಲಿ ಒಳಗೆ ಬಂದರೆ ಇನ್ನೊಂದು ಬಾಗಿಲಲ್ಲಿ ರೊಟ್ಟಿಯಾಗಿ ಹೊರಗೆ ಹೋಗುತ್ತಿತ್ತು.

ನಾನು ಮದುವೆಯಾಗಿ ಬರುವ ಮೊದಲೇ ಹಿತ್ತಲಲ್ಲಿ ಗೋಬರ್ ಗ್ಯಾಸ್ ಇತ್ತು. ಬಾವಿಯಂಥ ಗುಂಡಿ, ಅದರ ಮೇಲೆ ಬೋರಲು ಹಾಕಿದ ದೊಡ್ಡ ಕಬ್ಬಿಣದ ಡ್ರಮ್ಮು, ಒಂದು ಪಕ್ಕ ಸಗಣಿ ಕಲಸಿ ಬಿಡುವ ತೊಟ್ಟಿ, ಇನ್ನೊಂದು ಪಕ್ಕ ಗ್ಯಾಸು ಬಿಟ್ಟ ಸಗಣಿ ನೀರು, ಅಂದರೆ ಬಗ್ಗಡ, ಹೊರಗೆ ಬರುವ ಗಂಡಿ. ಒಳಗೆ ಗ್ಯಾಸು ತುಂಬಿದಂತೆ ಡ್ರಮ್ಮು ಮೇಲೇಳುತ್ತದೆ, ಒಲೆ ಉರಿಸಿದಂತೆ ಕೆಳಗಿಳಿಯುತ್ತದೆ. ಅದನ್ನು ಕಟ್ಟಿಸುವಂತೆ ಮಾಡಿದ್ದು ಹೊಸಪೇಟೆಯ ಒಬ್ಬ ಡಾಕ್ಟರು. ಅತ್ತೆಯ ಎದೆ ಪರೀಕ್ಷೆ ಮಾಡಿ, ಇನ್ನು ಹೊಗೆಯ ಮುಂದೆ ಕೂತರೆ ಈ ಎದೆ ಬಾಳುವುದಿಲ್ಲ, ಒಂದೋ ಹೊಗೆ ಬಿಡಿ, ಇಲ್ಲವೇ ಅಡುಗೆ ಬಿಡಿ ಎಂದಿದ್ದರು. ಅತ್ತೆ ಹೊಗೆ ಬಿಟ್ಟರು. ನಾನು ಬಂದಾಗ ಅವರು ನೀಲಿ ಉರಿಯ ಮುಂದೆ ಕೂತು ಆರಾಮಾಗಿ ರೊಟ್ಟಿ ಬಡಿಯುತ್ತಿದ್ದರು, ಕೆಮ್ಮು ಅನ್ನುವುದು ಹಳೇ ಕಥೆಯಾಗಿತ್ತು.

ಆಮೇಲೆ ಎಮ್ಮೆಗಳು ಹೋದವು. ಮೂರಿದ್ದವು, ಎರಡು ವಯಸ್ಸಾಗಿ ಒಂದರ ಹಿಂದೆ ಒಂದು ತೀರಿಕೊಂಡವು. ಉಳಿದ ಒಂದು ಎಮ್ಮೆಯ ಸಗಣಿಗೆ ಡ್ರಮ್ಮು ಅರ್ಧವೂ ಏಳುತ್ತಿರಲಿಲ್ಲ. ಚಹಾ ಆಗುವ ಹೊತ್ತಿಗೆ ಉರಿ ಸಣ್ಣಗಾಗುತ್ತಿತ್ತು. ಓಣಿಯವರನ್ನು ಸಗಣಿ ಕೇಳಿದರೆ ಅವರ ಹೊಲಕ್ಕೇ ಬೇಕು. ಸಿಲಿಂಡರಿಗೆ ಹೆಸರು ಬರೆಸಿ ಕಾಯುತ್ತ ಕೂರುವ ಕಾಲ ಅದು, ಮೇಲಾಗಿ ಅತ್ತೆಗೆ ಅದರ ಮೇಲೆ ನಂಬಿಕೆಯಿರಲಿಲ್ಲ. "ಬಾಂಬಿನ ಪಕ್ಕ ಕುಂತು ರೊಟ್ಟಿ ಬಡಿ ಅಂತೀಯೇನು" ಎಂದು ನನ್ನ ಬಾಯಿ ಮುಚ್ಚಿಸಿದರು. ರೇಷನ್ ಸೀಮೆಎಣ್ಣೆ ಮನೆಯ ಅಡುಗೆಗೇ ಸಾಲದು. ನೋಡುನೋಡುತ್ತಲೇ ಹಳೆಯ ಕಟ್ಟಿಗೆ ಒಲೆ ಮತ್ತೆ ಹತ್ತಿತು, ಅದರ ಬೆನ್ನಿಗೆ ಕೆಮ್ಮು ಬಂತು.

"ಖಾನಾವಳಿ ಬಂದ್ ಮಾಡ್ರಿ ಅತ್ತಿ" ಎಂದೆ ಒಂದು ದಿನ. 

ಅತ್ತೆ ಹಿಟ್ಟು ನಾದುತ್ತಿದ್ದರು, ತಲೆ ಎತ್ತಲಿಲ್ಲ. "ಬಂದ್ ಮಾಡಿ ಏನ್ ಮಾಡ್ಲಿ?" 

"ಸುಮ್ಮನ ಕೂಡ್ರಿ." 

"ಸುಮ್ಮನ ಕುಂತ್ರ ನಾ ಉಳೀತೀನೇನು?" 

ಅವರು ಇದನ್ನು ಜಗಳದ ದನಿಯಲ್ಲಿ ಹೇಳಲಿಲ್ಲ. ನಿಜವಾಗಿಯೂ ನನ್ನನ್ನು ಕೇಳಿದರು. ನಾನು ಪಾತ್ರೆ ಕುಕ್ಕಿ ಶಾಲೆಗೆ ಹೋದೆ.

ಅವತ್ತು ಒಂಬತ್ತನೇ ತರಗತಿಗೆ ಮೆಲುಕು ಹಾಕುವ ಪ್ರಾಣಿಗಳ ಪಾಠ. ಎಮ್ಮೆ ಒಣ ದಂಟನ್ನು ಅಗಿಯುತ್ತದೆ, ನೆನೆಸುತ್ತದೆ, ಮತ್ತೆ ಬಾಯಿಗೆ ತಂದು ಅಗಿಯುತ್ತದೆ, ಹೊಟ್ಟೆಯಲ್ಲಿ ಕೊಳೆಸುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಹಾಗೇ ನಿಂತೆ. ನಮಗೆ ಬೇಕಾಗಿದ್ದು ಎಮ್ಮೆಯಲ್ಲ, ಎಮ್ಮೆ ಮಾಡುವ ಕೆಲಸ. ದಂಟಿನೊಳಗೆ ಉರಿಯಾಗುವ ಸತ್ವ ಇದ್ದೇ ಇದೆ. ಅದರ ಸುತ್ತ ಲಿಗ್ನಿನ್ ಎಂಬ ಗಟ್ಟಿ ಅಂಟು ಗಾರೆ ಮೆತ್ತಿದಂತೆ ಕೂತಿರುತ್ತದೆ. ಆ ಗಾರೆಯನ್ನು ಮೊದಲು ಸಡಿಲಿಸಿ ಕೊಟ್ಟರೆ ಗುಂಡಿಯೊಳಗಿನ ಸೂಕ್ಷ್ಮ ಜೀವಿಗಳು ಮಿಕ್ಕಿದ್ದನ್ನು ನೋಡಿಕೊಳ್ಳುತ್ತವೆ. ಈಗ ಪತ್ರಿಕೆಗಳಲ್ಲಿ ದಂಟಿನಿಂದ ಇಂಧನ ತೆಗೆಯುವ ಸುದ್ದಿ ಬಂದಾಗ ಇದನ್ನು ಪೂರ್ವ ಸಂಸ್ಕರಣೆ ಅನ್ನುತ್ತಾರೆ. ನಮ್ಮ ಹಿತ್ತಲಲ್ಲಿ ಅದಕ್ಕೆ ನೆನೆಹಾಕೋದು ಅಂತಿದ್ದೆವು.

ಜೋಳದ ಸೊಪ್ಪೆಯನ್ನು, ಅಂದರೆ ಒಣಗಿದ ದಂಟನ್ನು, ಮುಟ್ಟುವಂತಿರಲಿಲ್ಲ, ಅದು ದನಗಳ ಬಾಯಿಯದು. ಆದರೆ ಆಗ ಹರಪನಹಳ್ಳಿ ಕಡೆಯೆಲ್ಲ ಮೆಕ್ಕೆಜೋಳ. ತೆನೆ ಮುರಿದ ಮೇಲೆ ದಂಟನ್ನು ಹೊಲದಲ್ಲೇ ಸುಡುತ್ತಿದ್ದರು. ತೆಲಿಗಿ ಕಡೆಯಿಂದ ಬರುವ ಖಾಸಗಿ ಬಸ್ಸಿನ ಕಂಡಕ್ಟರ್ ಒಬ್ಬ ದಿನಾ ಮಧ್ಯಾಹ್ನ ನಮ್ಮಲ್ಲೇ ಉಣ್ಣುತ್ತಿದ್ದ. ನನ್ನ ತವರಿನ ಕಡೆಯವನು ಅನ್ನುವ ಸಲಿಗೆಯಿಂದ ಕೇಳಿದೆ. 

"ಅಣ್ಣಾ, ಬಸ್ಸಿನ ಮ್ಯಾಲೆ ನಾಕು ಹೊರೆ ಮೆಕ್ಕೆಜೋಳದ ದಂಟು ಹಾಕ್ಕೊಂಡು ಬರ್ತೀಯೇನು?" 

"ಯಾಕ್ರಿ ಟೀಚರ್, ಶಾಲ್ಯಾಗ ಮೇಯಿಸ್ತೀರೇನು?" 

ಆದರೂ ತಂದ. ಬಸ್ಸಿನ ಮೇಲಿಂದ ಹೊರೆ ಕೆಡವುವಾಗ ನಿಲ್ದಾಣದವರೆಲ್ಲ ನೋಡುತ್ತಿದ್ದರು. "ಟೀಚರ್ ತವರಿಂದ ಬಂದೈತಿ" ಎಂದು ಅವರಿಗೆಲ್ಲ ಹೇಳಿ ನನ್ನ ಮರ್ಯಾದೆ ತೆಗೆದ.

ಮೊದಲ ಸಲ ದಂಟನ್ನು ಕೊಡಲಿಯಿಂದ ಕಡಿದು ಹಾಗೇ ಗುಂಡಿಗೆ ಬಿಟ್ಟೆವು. ಅದು ಕೊಳೆಯುವ ಬದಲು ಮೇಲೆ ತೇಲಿ, ಒಣ ಹೆಂಟೆಯಂತೆ ಗಟ್ಟಿಯಾಗಿ ಗಂಡಿಯನ್ನೇ ಕಟ್ಟಿಹಾಕಿತು. ನಮ್ಮ ಮನೆಯವರು ರಜೆಯ ದಿನವಿಡೀ ಬೊಂಬು ಹಿಡಿದು ತಿವಿಯುತ್ತ ನಿಂತರು. ಬಯ್ಯುವ ಸ್ವಭಾವ ಅವರದಲ್ಲ. ಸಂಜೆ ಕೈಕಾಲು ತೊಳೆದುಕೊಂಡು, "ಇನ್ನೂ ಸಣ್ಣಗ ಮಾಡಬೇಕು" ಎಂದಷ್ಟೇ ಹೇಳಿ, ಮರುದಿನ ದಂಟನ್ನು ಗಿರಣಿಯ ಖಾರ ಕುಟ್ಟುವ ಯಂತ್ರಕ್ಕೆ ಹಾಕಿಬಿಟ್ಟರು. ಸಣ್ಣಗೇನೋ ಆಯಿತು. ಆದರೆ ಯಂತ್ರದಲ್ಲಿ ಉಳಿದಿದ್ದ ಮೆಣಸಿನ ಘಾಟು ದಂಟಿನ ಪುಡಿಗೆಲ್ಲ ಹತ್ತಿ, ಅದನ್ನು ಕಲಸಿದ ನಾವಿಬ್ಬರೂ, ಕಟ್ಟೆಯ ಮೇಲಿದ್ದ ಅತ್ತೆಯೂ, ಪಾಪದ ಎಮ್ಮೆಯೂ ಸೀನಿದ್ದೇ ಸೀನಿದ್ದು. ಮೆಣಸಿನಕಾಯಿ ಕುಟ್ಟಿಸಲು ಬಂದ ಹೆಂಗಸರು ತಮ್ಮ ಖಾರದಲ್ಲಿ ನಾರು ಬಂದಿದೆಯೆಂದು ಒಂದು ವಾರ ಜಗಳ ತೆಗೆದರು. ಆಮೇಲೆ ಆ ಯಂತ್ರದ ತಂಟೆಗೆ ಹೋಗಲಿಲ್ಲ.

ಕೊನೆಗೆ ಕೈಗೆ ಹತ್ತಿದ ದಾರಿ ಇದು. ದಂಟನ್ನು ಬೆರಳಿನಷ್ಟುದ್ದ ಕತ್ತರಿಸಿ, ಒನಕೆಯಿಂದ ಜಜ್ಜಿ, ಹಳೆಯ ಕಲ್ಲಿನ ಬಾನಿಯಲ್ಲಿ ಸುಣ್ಣದ ನೀರು ಹಾಕಿ ನೆನೆಸುವುದು. ಸುಣ್ಣ ಆ ಗಾರೆಯಂಥ ಅಂಟನ್ನು ಸಡಿಲಿಸುತ್ತದೆ. ದಂಟು ಮೆತ್ತಗಾಗಿ ಹಳದಿ ನೀರು ಬಿಟ್ಟ ಮೇಲೆ ಅದನ್ನು ಹಿಂಡಿ, ತೊಳೆದು, ಗುಂಡಿಯಿಂದ ಬಂದ ಬಗ್ಗಡದ ಜೊತೆ ಕಲಸಿ ಗೋಣಿಚೀಲ ಮುಚ್ಚಿ ಇಡುವುದು. ಚೀಲದೊಳಗೆ ಕೈ ಇಟ್ಟರೆ ಬಿಸಿ ತಾಗಬೇಕು, ಚಿವುಟಿದರೆ ದಂಟು ಎಳೆಎಳೆಯಾಗಿ ಬಿಡಬೇಕು. ಆಮೇಲೆ ಸಗಣಿಯ ಜೊತೆ ಸ್ವಲ್ಪಸ್ವಲ್ಪವೇ ಗುಂಡಿಗೆ. ನೆನೆಹಾಕಿದ ದಂಟು ಗುಂಡಿಗೆ ಹೋದ ಕೆಲವು ದಿನಕ್ಕೆ ಡ್ರಮ್ಮು ಏಳತೊಡಗಿತು. ಒಂದೇ ಎಮ್ಮೆಯ ಮನೆಯಲ್ಲಿ ಮೂರು ಎಮ್ಮೆಯ ಕಾಲದಷ್ಟು ಎತ್ತರಕ್ಕೆ ಎದ್ದಾಗ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕಟ್ಟಿಗೆ ಒಲೆಯ ಬಾಯಿಗೆ ಕಲ್ಲು ಇಟ್ಟರು.

ಅವತ್ತಿನಿಂದ ಅತ್ತೆಯ ಪಾಲಿಗೆ ಆ ಗುಂಡಿ ಒಂದು ಜೀವವಾಯಿತು. ಹುಲ್ಲು ದಂಟು ತಿಂದು ನಮಗೆ ದುಡಿದು ಹಾಕುವ ಯಾವುದನ್ನೂ ಅವರು ಯಂತ್ರ ಎಂದು ಒಪ್ಪುತ್ತಿರಲಿಲ್ಲ. "ಅಕೀಗೆ ಮೇವು ಹಾಕಿದೇನು" ಎಂದು ನನ್ನನ್ನು ಕೇಳುತ್ತಿದ್ದರು. ಕಾರಹುಣ್ಣಿಮೆಗೆ ಎಮ್ಮೆಯ ಕೊಂಬಿಗೆ ಬಣ್ಣ ಹಚ್ಚಿ ಉಳಿದದ್ದನ್ನು ಡ್ರಮ್ಮಿಗೂ ಬಳಿದರು. ಸೋಮವಾರ ನಮ್ಮ ಕಡೆ ಎತ್ತಿಗೆ ನೊಗ ಹೂಡುವುದಿಲ್ಲ, ಅದು ಅವುಗಳ ವಿಶ್ರಾಂತಿಯ ದಿನ. ಅತ್ತೆ ಆ ನೇಮವನ್ನು ಗುಂಡಿಗೂ ಹಚ್ಚಿದರು. ಸೋಮವಾರ ಖಾನಾವಳಿ ಹೇಗೂ ಬಂದ್. ಅಂದು ಗುಂಡಿಗೆ ಮೇವು ನೀರು ಉಂಟು, ಆದರೆ ಒಲೆ ಹಚ್ಚುವಂತಿಲ್ಲ. ನಮ್ಮ ಮೂವರ ಅನ್ನ ಸಾರು ಸೀಮೆಎಣ್ಣೆ ಸ್ಟೋವಿನ ಮೇಲೆ. ಒಳಗಿರುವುದು ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು, ಅವಕ್ಕೆ ವಾರ ತಿಥಿ ಗೊತ್ತಿಲ್ಲ ಎಂದು ನಾನು ವಾದಿಸಿ ವಾದಿಸಿ ಸೋತೆ. ಕಂಡಕ್ಟರ್ ಅತ್ತೆಯ ಪರ. "ಎತ್ತಿಗೆ ರಜಾ ಐತಿ, ಗ್ಯಾಸಿಗೆ ರಜಾ ಐತಿ, ನನಗೊಬ್ಬನಿಗೆ ಇಲ್ಲ ನೋಡ್ರಿ ಅಮ್ಮಾರ" ಎಂದು ರೊಟ್ಟಿ ಮುರಿಯುತ್ತಿದ್ದ.

ಎಡವಟ್ಟಾಗಿದ್ದು ಆ ವರ್ಷದ ಚಳಿಗಾಲದಲ್ಲಿ. ನನಗೆ ಹಡಗಲಿಯಲ್ಲಿ ಶಿಕ್ಷಕರ ತರಬೇತಿ ಬಂತು. ಅಲ್ಲೇ ಗೆಳತಿಯ ಮನೆಯಲ್ಲಿ ಉಳಿದೆ. ಹೊರಡುವಾಗ ಅತ್ತೆಗೆ ಎಲ್ಲ ಹೇಳಿದ್ದೆ: ಎಷ್ಟು ದಂಟು, ಎಷ್ಟು ಸಗಣಿ, ಎಷ್ಟು ನೀರು. "ನನಗ ಕಲಿಸ್ತೀಯೇನು" ಎಂದು ನನ್ನ ಚೀಲಕ್ಕೆ ಚಟ್ನಿಪುಡಿ ತುರುಕಿದರು.

ತರಬೇತಿ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬಂದಿಳಿದಾಗ ಓಣಿಯ ತಿರುವಿನಲ್ಲೇ ಹೊಗೆಯ ವಾಸನೆ. ಒಳಗೆ ಹೋಗಿ ನೋಡಿದರೆ ಅತ್ತೆ ಕಟ್ಟಿಗೆ ಒಲೆಯ ಮುಂದೆ. ಕಣ್ಣು ಕೆಂಡದಂತಾಗಿದ್ದವು. ಕೊಳವೆ ಊದಲು ಹೋಗಿ ಊದಲಾರದೆ, ಗೋಡೆಗೆ ಕೈ ಕೊಟ್ಟು ಬಗ್ಗಿ ಕೆಮ್ಮುತ್ತಿದ್ದರು. ಕೆಮ್ಮಿನ ನಡುವೆ ಉಸಿರು ಒಳಗೆ ಹೋಗುತ್ತಲೇ ಇರಲಿಲ್ಲ. ಚೀಲ ಬಿಸಾಕಿ, ಅವರ ಎರಡೂ ತೋಳು ಹಿಡಿದು ಎಬ್ಬಿಸಿ ಹೊರಗಿನ ಜಗಲಿಗೆ ತಂದು ಕೂರಿಸಿದೆ, ನೀರು ಕುಡಿಸಿದೆ, ಬೆನ್ನು ತಿಕ್ಕಿದೆ. ಉಸಿರು ಹದಕ್ಕೆ ಬಂದ ಮೇಲೆ ಬಾಯಿಗೆ ಬಂದಂತೆ ಬಯ್ದೆ.

"ಗ್ಯಾಸ್ ಏನಾತು ಅತ್ತಿ?" 

"ಬರಾಕ ಹತ್ತೈತಿ. ಆದ್ರ ಹತ್ತವಲ್ದು." 

ಹಿತ್ತಲಿಗೆ ಹೋಗಿ ನೋಡಿದೆ. ಡ್ರಮ್ಮು ಹಿಂದೆಂದೂ ಇಲ್ಲದಷ್ಟು ಎತ್ತರಕ್ಕೆ ಎದ್ದು ನಿಂತಿತ್ತು. ಒಲೆಯ ಕಿವಿ ತಿರುಗಿಸಿ ಕಡ್ಡಿ ಗೀರಿ ಹಿಡಿದರೆ, ಬುಸ್ಸೆಂದು ಬಂದ ಗಾಳಿ ಕಡ್ಡಿಯನ್ನೇ ಆರಿಸಿತು. ಬಗ್ಗಡಕ್ಕೆ ಸಗಣಿಯ ವಾಸನೆಯಿಲ್ಲ, ಹಳಸಿದ ಅಂಬಲಿಯ ವಾಸನೆ. ಶಾಲೆಯಿಂದ, ಹುಳಿ ತಾಗಿದರೆ ಕೆಂಪಾಗುವ ನೀಲಿ ಲಿಟ್ಮಸ್ ಕಾಗದ ತಂದು ಅದ್ದಿದೆ. ಅದ್ದಿದ ಕೂಡಲೇ ಕೆಂಪಾಯಿತು.

ಜಗಲಿಗೆ ಬಂದು ಆ ಕೆಂಪು ಕಾಗದವನ್ನು ಅತ್ತೆಯ ಮುಂದೆ ಹಿಡಿದೆ. "ಖರೇ ಹೇಳ್ರಿ. ಒಳಗ ಏನ್ ಹಾಕೀರಿ?" 

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಚಳಿಗೆ ಸೊರಗಿದ್ಳು. ಉರಿ ಸಣ್ಣಗಾಗಿತ್ತು. ಈದ ಎಮ್ಮಿಗೆ ಏನ್ ಕೊಡ್ತೀವಿ ನಾವು?" 

"ಏನ್ ಕೊಡ್ತೀವಿ?" 

"ಬೆಲ್ಲ. ಬೇಯಿಸಿದ ಹುಳ್ಳಿಕಾಳು. ನುಚ್ಚಿನ ಗಂಜಿ." ಬೆರಳಿನ ಸೆರಗು ಬಿಚ್ಚುತ್ತ, "ಒಂಚೂರು ಅಜಿವಾನನೂ ಹಾಕಿದ್ದೆ" ಎಂದರು. 

ಬಯ್ಯಲು ಬಾಯಿ ತೆರೆದವಳಿಗೆ ಆ ಅಜಿವಾನ ಕೇಳಿ ನಗು ಬಂದುಬಿಟ್ಟಿತು. ನಗುತ್ತಿದ್ದವಳ ಕಣ್ಣಲ್ಲಿ ಯಾಕೋ ನೀರು. ಅವರ ಅಡುಗೆ ಉಳಿಸಿದ ಜೀವ ಅದು, ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಂಡಿದ್ದರು. ಆದರೆ ಬೆಲ್ಲ ಗಂಜಿಯನ್ನು ಆತುರಕ್ಕೆ ತಿನ್ನುವ ಜೀವಿಗಳು ಬೇರೆ, ತಿಂದು ಹುಳಿಯನ್ನೂ ಉರಿಯದ ಗಾಳಿಯನ್ನೂ ಬಿಡುತ್ತವೆ. ಉರಿಯುವ ಗ್ಯಾಸು ಮಾಡುವ ಜೀವಿಗಳು ನಿಧಾನದವು, ಹುಳಿ ತಾಳಲಾರವು. ಇದನ್ನು ಹೇಳಿದಾಗ ಅತ್ತೆಯ ಮುಖ ಸಣ್ಣದಾಯಿತು. 

"ಅಂದ್ರ ನಾನೇ ಕೊಂದೆನಾ?" 

"ಸತ್ತಿಲ್ಲ ಬಿಡ್ರಿ. ಅಜೀರ್ಣ ಆಗೈತಿ" ಎಂದೆ. ನಿಜ ಹೇಳಬೇಕೆಂದರೆ ಬದುಕುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

ಗುಂಡಿಗೆ ಮೇವು ನಿಲ್ಲಿಸಿದೆವು. ಡ್ರಮ್ಮಿನ ಕೆಟ್ಟ ಗಾಳಿಯನ್ನೆಲ್ಲ ಹೊರಗೆ ಬಿಟ್ಟೆವು. ದಂಟು ನೆನೆಸುತ್ತಿದ್ದ ಅದೇ ಸುಣ್ಣವನ್ನು ತಿಳಿ ಮಾಡಿ, ಹುಳಿ ಮುರಿಯಲು ದಿನಕ್ಕಿಷ್ಟು ಎಂದು ಬಿಟ್ಟೆವು. ನಮ್ಮ ಮನೆಯವರು ಹಗರಿಬೊಮ್ಮನಹಳ್ಳಿಗೆ ಹೋಗಿ, ಚೆನ್ನಾಗಿ ನಡೆಯುತ್ತಿದ್ದ ಒಂದು ಗೋಬರ್ ಗ್ಯಾಸಿನ ಬಗ್ಗಡವನ್ನು ಪೀಪಾಯಿ ತುಂಬಿ ಟೆಂಪೊದಲ್ಲಿ ತಂದರು. ಹೊಸ ಜೀವಿಗಳು ಸಿಕ್ಕರೆ ಹಳೆಯವೂ ಚೇತರಿಸಿಕೊಂಡಾವು ಎಂಬ ಆಸೆ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ, ಕಾಯುವುದೊಂದೇ.

ಅಲ್ಲಿಯವರೆಗೆ ಖಾನಾವಳಿ? ಅತ್ತೆಯನ್ನು ಒಲೆಯ ಹತ್ತಿರ ಬಿಡುವುದಿಲ್ಲ ಎಂದೆ. ಖಾನಾವಳಿ ಮುಚ್ಚುವುದಿಲ್ಲ ಎಂದು ಅತ್ತೆ. ಹಾಗಾಗಿ ಶಾಲೆಗೆ ಹೋಗುವ ಮೊದಲು ಕಟ್ಟಿಗೆ ಒಲೆಯ ಮುಂದೆ ಕೂತವಳು ನಾನು. ಜೋಳದ ರೊಟ್ಟಿ ನನ್ನ ಕೈಗೆ ಯಾವತ್ತೂ ಒಗ್ಗಿರಲಿಲ್ಲ. ಹರಪನಹಳ್ಳಿಯಲ್ಲಿ ನಾನು ಮುದ್ದೆ ತಿರುವಿ ಬೆಳೆದವಳು. ಬಡಿದ ರೊಟ್ಟಿ ನಡುವೆ ಹರಿಯುತ್ತಿತ್ತು, ಅಂಚು ಸೀಳುತ್ತಿತ್ತು, ದಪ್ಪಗಾಗಿ ಒಳಗೆ ಹಸಿ ಉಳಿಯುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಬಡಿಸಲು ಮನೆಗೆ ಓಡಿ ಬರುತ್ತಿದ್ದೆ. ಕಂಡಕ್ಟರ್ ತಟ್ಟೆಯಲ್ಲಿ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. 

"ಟೀಚರ್, ನಕಾಶಿದಾಗ ಇದು ಯಾ ತಾಲ್ಲೂಕು? ಕೂಡ್ಲಿಗಿಯೋ, ಹಡಗಲಿಯೋ?" 

"ಯಾವುದಾದ್ರ ಏನು, ಸುಮ್ಮನ ಉಣ್ಣು" ಎಂದು ಒಳಗಿನಿಂದಲೇ ಗದರುತ್ತಿದ್ದೆ. 

ಹಾಗಂತ ಅವನಾಗಲಿ ಮಿಕ್ಕವರಾಗಲಿ ಬೇರೆ ಖಾನಾವಳಿಗೆ ಹೋಗಲಿಲ್ಲ. ಗಟ್ಟಿ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ನೆನೆಸಿ ತಿಂದರು. ಅವರೆಲ್ಲರ ಮೇಲೆ ಆಗ ಹುಟ್ಟಿದ ಪ್ರೀತಿ ನನಗೆ ಇವತ್ತಿಗೂ ಹಾಗೇ ಇದೆ.

ಅತ್ತೆ ಜಗಲಿಯ ಮೇಲೆ ಕೂತಿರುತ್ತಿದ್ದರು. ಮೊದಮೊದಲು ಅಲ್ಲಿಂದಲೇ ಹೇಳಿಕೊಡುತ್ತಿದ್ದರು: ನೀರು ಕುದೀಲಿ, ಹಿಟ್ಟು ಬಿಸೀನಾಗ ನಾದು, ಅಂಚಿನಿಂದ ಬಡಿ. ಆಮೇಲೆ ಮಾತು ಕಡಿಮೆಯಾಯಿತು. ಊಟವೂ ಕಡಿಮೆಯಾಯಿತು. ನನ್ನ ರೊಟ್ಟಿಯನ್ನು ಮುಟ್ಟುತ್ತಲೇ ಇರಲಿಲ್ಲ, ಎರಡು ತುತ್ತು ಅನ್ನ ಮೊಸರು ತಿಂದು ಕೈ ತೊಳೆಯುತ್ತಿದ್ದರು. ಒಂದು ಬೆಳಿಗ್ಗೆ ಹೊಗೆ ತಾಳಲಾರದೆ ಕಣ್ಣು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದೆ. ಅವರು ನನ್ನನ್ನು ನೋಡಲಿಲ್ಲ. ಬೀದಿ ನೋಡುತ್ತ ಕೂತಿದ್ದರು, ಬಲಗೈ ಮಾತ್ರ ತೊಡೆಯ ಮೇಲೆ ತಟ್ಟುತ್ತಿತ್ತು, ಸ್ವಲ್ಪ ತಿರುಗಿಸಿ ಮತ್ತೆ ತಟ್ಟುತ್ತಿತ್ತು. ಅಲ್ಲಿ ಹಿಟ್ಟೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಸುಮ್ಮನ ಕುಂತ್ರ ನಾ ಉಳೀತೀನೇನು ಎಂದು ಅವರು ಅವತ್ತು ಕೇಳಿದ್ದು ನೆನಪಾಯಿತು. ಒಳಗೆ ಹೋಗಿ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದೆ.

ದಿನಾ ಲಿಟ್ಮಸ್ ಅದ್ದಿ ನೋಡುತ್ತಿದ್ದೆ. ಕೆಂಪು, ಕೆಂಪು, ಆಮೇಲೆ ಒಂದಿಷ್ಟು ಮಸುಕು ಕೆಂಪು, ಕೊನೆಗೊಮ್ಮೆ ಕಾಗದ ಬಣ್ಣ ಬದಲಿಸದೆ ನೀಲಿಯಾಗಿಯೇ ಉಳಿಯಿತು. ಹುಳಿ ವಾಸನೆ ಹೋಗಿ ಸಗಣಿಯ ವಾಸನೆ ಬಂತು. ನನ್ನಷ್ಟು ಖುಷಿಯಿಂದ ಸಗಣಿಯ ವಾಸನೆ ಹೀರಿದವರು ಕೊಟ್ಟೂರಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಮತ್ತೆ ನೆನೆಹಾಕಿದ ದಂಟನ್ನು ಒಂದೊಂದೇ ಬೊಗಸೆ ಕೊಡತೊಡಗಿದೆವು.

ಒಂದು ಬೆಳಿಗ್ಗೆ ನಮ್ಮ ಮನೆಯವರು ಹಿತ್ತಲಿಂದ ಕೂಗಿದರು. ಡ್ರಮ್ಮು ಗೇಣುದ್ದ ಎದ್ದಿತ್ತು. ಓಡಿ ಬಂದು ಒಲೆಯ ಕಿವಿ ತಿರುಗಿಸಿದೆ. ಕಡ್ಡಿ ಗೀರಿ ಹಿಡಿದೆ. ಪುಸ್ಸೆಂದು ಹತ್ತಿತು. ಮೊದಲು ಹಳದಿಯಾಗಿ ಬಡಬಡಿಸಿ, ಆಮೇಲೆ ಸುತ್ತಲೂ ಹಲ್ಲು ಜೋಡಿಸಿದಂತೆ ನೀಲಿಯಾಗಿ ನಿಂತಿತು.

"ಅತ್ತೀ, ಬರ್ರಿ ಇಲ್ಲಿ." 

ಅತ್ತೆ ಬಂದರು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಉರಿಯನ್ನು ನೋಡಿದರು. ಅಂಗೈಯನ್ನು ಅದರ ಮೇಲೆ ಸ್ವಲ್ಪ ದೂರದಲ್ಲಿ ಹಿಡಿದರು, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವವರಂತೆ. ಆಮೇಲೆ ಕೈ ಚಾಚಿ ಒಲೆಯ ಕಿವಿ ತಿರುಗಿಸಿ ಆರಿಸಿಬಿಟ್ಟರು. 

"ಯಾಕ್ರಿ?" 

"ಇವತ್ತು ಸೋಮವಾರ." 

ನನ್ನ ನೆತ್ತಿಗೆ ಏರಿತು. ಇಷ್ಟು ದಿನ ಹೊಗೆ ಕುಡಿದವಳು ನಾನು, ಬಗ್ಗಡ ಹೊತ್ತವರು ಅವರ ಮಗ, ಈಗ ಹತ್ತಿದ ಒಲೆಗೆ ಸೋಮವಾರವಂತೆ ಎಂದು ಒಂದೇ ಉಸಿರಿಗೆ ಕೂಗಾಡಿದೆ. ಅತ್ತೆ ಎಲ್ಲ ಕೇಳಿಸಿಕೊಂಡರು. 

"ಜಡ್ಡು ಬಿದ್ದು ಈಗ ಎದ್ದಾಳ. ಎದ್ದ ದಿನಾನ ಹೂಡ್ತಾರೇನು? ನನಗ ಆಸಿ ಇಲ್ಲೇನು, ಕೈ ಜುಮು ಜುಮು ಅನ್ನಾಕ ಹತ್ಯಾವ." ಮೊಣಕಾಲಿಗೆ ಕೈಯೂರಿ ಎದ್ದರು. "ಒಮ್ಮಿ ಅವಸರ ಮಾಡಿ ಕೆಡಿಸೀನಿ. ಇನ್ನೊಮ್ಮಿ ಮಾಡಂಗಿಲ್ಲ. ನಾಳಿ ನೋಡೋಣು." 

ನಾನು ಕಡ್ಡಿಪೆಟ್ಟಿಗೆಯನ್ನು ಗೂಡಿನಲ್ಲಿಟ್ಟೆ. 

ಮಧ್ಯಾಹ್ನದ ಬಿಡುವಿಗೆ ಶಾಲೆಯಿಂದ ಬಂದು ಅನ್ನಕ್ಕಿಡಲು ಹೋದರೆ, "ನಿನ್ನಿ ರೊಟ್ಟಿ ಉಳದಿತ್ತಲ್ಲ, ತಾ" ಎಂದರು. ಹಿಂದಿನ ದಿನದ ನನ್ನ ರೊಟ್ಟಿ, ಹಪ್ಪಳಕ್ಕಿಂತ ಗಟ್ಟಿಯಾಗಿತ್ತು. ಮೊಸರು ಹಾಕಿಕೊಂಡು, ಇಷ್ಟಿಷ್ಟೇ ಮುರಿದು, ಪೂರ್ತಿ ತಿಂದರು. ಹೇಗಿದೆ ಎಂದು ನಾನು ಕೇಳಲಿಲ್ಲ. ತಟ್ಟೆ ಎತ್ತುವಾಗ ಅವರೇ ಹೇಳಿದರು: "ಉಪ್ಪು ಚೆಂದ ಐತಿ."

ಮರುದಿನ ಬೆಳಕು ಹರಿಯುವ ಮೊದಲು ಎಚ್ಚರವಾಯಿತು. ಮನೆಯಲ್ಲಿ ಹೊಗೆಯ ವಾಸನೆಯಿರಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದರು. ಹಾಸಿಗೆಯಲ್ಲಿ ಎದ್ದು ಕೂತೆ. ಪಕ್ಕದಲ್ಲಿ ನಮ್ಮ ಮನೆಯವರೂ ಎದ್ದು ಕೂತಿದ್ದರು. ಬಡಿತ ಒಂದೇ ಸಮನೆ ಬರುತ್ತಿತ್ತು, ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ. ಈಗ ನಿಲ್ಲುತ್ತದೆ, ಈಗ ಕೆಮ್ಮು ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ರೊಟ್ಟಿ ಹಂಚಿನ ಮೇಲೆ ಬಿದ್ದ ಸದ್ದಾಯಿತು. ಅತ್ತೆ ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದರು.